ಸಹಿ ಮಾಡಿದವನ ಉತ್ತರ

ಕಳೆದ ತಿಂಗಳ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೂ ವೈದ್ಯರೂ ಆದ ಮಿತ್ರರೊಬ್ಬರು ನಂಬಿಕೆಯ ಅವನತಿಯನ್ನು ಕುರಿತು ಬರೆದ ಲೇಖನವನ್ನು ವಾಚಕರು ಓದಿರಬಹುದು. ಹಿಂದಿನ ಕಾಲದಲ್ಲಿ ರೋಗಿಯ ಮನೆಯವರು ವೈದ್ಯನಿಗೆ ಕೈಮುಗಿದು, ರೋಗಿಯನ್ನು ಅವನ ವಶಕ್ಕೆ ಒಪ್ಪಿಸಿ, ಜಗಲಿಯಲ್ಲಿ ಕುಳಿತಿರುತ್ತಿದ್ದರೆಂದೂ, ಈಗಿನವರು ಅಡಿಗಡಿಗೆ ಪ್ರಶ್ನಿಸುವರೆಂದೂ, ಬೇರೆ ಕಡೆಯಿಂದ ಬೇರೆ ಅಭಿಪ್ರಾಯ ತರಿಸುವರೆಂದೂ, ಅದರಲ್ಲಿಯೂ ತೀವ್ರನಿಗಾ ಘಟಕದ ಬಾಗಿಲಿನಲ್ಲಿ ಕುಳಿತ ಬಂಧುಗಳು ವೈದ್ಯನ ಕೈಕಟ್ಟುವರೆಂದೂ ಅವರು ವ್ಯಥೆಪಟ್ಟಿದ್ದಾರೆ. ಕೊನೆಯಲ್ಲಿ ‘ನಮ್ಮನ್ನು ನಂಬಿರಿ, ಉಳಿದುದನ್ನು ನಮಗೆ ಬಿಡಿರಿ’ ಎಂದು ಕೇಳಿಕೊಂಡಿದ್ದಾರೆ. ಅವರ ಸಜ್ಜನಿಕೆಯಲ್ಲಿ ನನಗೆ ಸಂಶಯವಿಲ್ಲ. ನಮ್ಮ ಮನೆಯ ಎರಡು ಮಕ್ಕಳು ಅವರ ಕೈಗುಣದಿಂದ ಬದುಕಿದುವು. ಆದರೆ ಕಳೆದ ವರ್ಷದ ಆಷಾಢದಲ್ಲಿ ಅದೇ ಬಗೆಯ ಬಾಗಿಲಿನ ಮುಂದೆ ಹದಿನಾರು ದಿನ ಕುಳಿತು ಹನ್ನೊಂದು ಕಾಗದಗಳಿಗೆ ಸಹಿ ಮಾಡಿ ಬಂದವನು ನಾನು. ಅವರ ಲೇಖನಕ್ಕೆ ಉತ್ತರ ಹೇಳದೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ವೈದ್ಯರ ಮೇಲೆ ಕೈಯೆತ್ತುವವರ ಪರವಾಗಿ ಆಡತಕ್ಕ ಮಾತು ಯಾವುದೂ ಇಲ್ಲ. ಅಂಥವರನ್ನು ಶಿಕ್ಷಿಸಲು 2009ರಿಂದ ನಮ್ಮ ರಾಜ್ಯದಲ್ಲಿ ಪ್ರತ್ಯೇಕವಾದ ಕಾಯಿದೆಯೇ ಇದೆ, ಶಿಕ್ಷಿಸಲಿ. ಆದರೆ ಪ್ರಶ್ನೆ ಕೇಳುವವನನ್ನೂ ಕಲ್ಲೆಸೆಯುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇಬ್ಬರಿಗೂ ‘ಅಪನಂಬಿಕೆಯವರು’ ಎಂದು ಹೆಸರಿಡುವುದು ನ್ಯಾಯವಲ್ಲ. ಮಿತ್ರರ ಲೇಖನದಲ್ಲಿ ಹಾಗೆ ಆಗಿದೆ.

ಇನ್ನು ಹಿಂದಿನ ಕಾಲದ ಮಾತು. ನಮ್ಮ ಅಜ್ಜಂದಿರು ವೈದ್ಯನನ್ನು ನಂಬಿದರು, ನಿಜ. ಯಾವ ವೈದ್ಯನನ್ನು? ಮನೆಯ ಮೂರು ತಲೆಮಾರನ್ನು ಬಲ್ಲವನನ್ನು. ಮದುವೆಗೆ ಬಂದು ಉಂಡುಹೋದವನನ್ನು. ರೋಗಿ ಸತ್ತರೆ ಮರುದಿನ ಅದೇ ಬೀದಿಯಲ್ಲಿ ನಡೆದುಬರಬೇಕಾದವನನ್ನು. ಅದಕ್ಕಿಂತ ಮುಖ್ಯವಾದುದೆಂದರೆ, ಆ ರೋಗಿಗೆ ಬಾಯಿಯಿತ್ತು. ನೋವು ಎಲ್ಲಿ ಎಂದರೆ ತೋರಿಸುತ್ತಿದ್ದನು. ಕಹಿ ಕಷಾಯ ಸಾಕೆನಿಸಿದರೆ ಲೋಟವನ್ನು ದೂರ ಸರಿಸುತ್ತಿದ್ದನು. ತೀವ್ರನಿಗಾ ಘಟಕವೆಂಬುದು ಅಜ್ಜಂದಿರ ಕಾಲದಲ್ಲಿ ಇರಲೇ ಇಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಸಾಲುಸಾಲಾಗಿ ಸಾಯುತ್ತಿರಲು, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನು ಕುತ್ತಿಗೆಯಲ್ಲಿ ರಂಧ್ರ ಮಾಡಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಅಮುಕಿ ಉಸಿರಾಡಿಸುವ ಉಪಾಯವನ್ನು ತೋರಿಸಿದನು. ಯಂತ್ರಗಳು ಸಾಲದೆ ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಹಾಸಿಗೆಯ ಪಕ್ಕದಲ್ಲಿ ಕುಳಿತು ಚೀಲವನ್ನು ಅಮುಕಿದರು. ಮರುವರ್ಷ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಇಂದಿನ ಐ.ಸಿ.ಯು.ಗಳೆಲ್ಲಕ್ಕೂ ಅದೇ ಮೂಲ. ಆ ಮೊದಲ ವೆಂಟಿಲೇಟರು ಒಬ್ಬ ಮನುಷ್ಯನಾಗಿದ್ದನು. ರೋಗಿಯ ತಾಯಿ ಅವನ ಮುಖವನ್ನು ನೋಡಬಹುದಾಗಿತ್ತು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ, ಬಾಗಿಲು ಮುಚ್ಚಿರುತ್ತದೆ, ವೈದ್ಯರು ಪಾಳಿಪಾಳಿಗೆ ಬದಲಾಗುತ್ತಾರೆ, ರೋಗಿಯ ಬಾಯಲ್ಲಿ ನಳಿಕೆ, ರಕ್ತದಲ್ಲಿ ನಿದ್ದೆಯ ಮದ್ದು. ಅವನ ಪರವಾಗಿ ಹೂಂ ಎನ್ನಬೇಕಾದವನು ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಬೇರೊಬ್ಬನ ಜೀವದ ಮೇಲೆ ಹೂಂ ಎನ್ನಬೇಕಾದವನು ಪ್ರಶ್ನೆ ಕೇಳದಿದ್ದರೆ ಅದು ನಂಬಿಕೆಯಲ್ಲ, ಕರ್ತವ್ಯಲೋಪ. ಅಜ್ಜಂದಿರ ನಂಬಿಕೆಯನ್ನು ಇಲ್ಲಿಗೆ ಎಳೆದುತರುವುದು ಎತ್ತಿನ ಗಾಡಿಯ ಲೆಕ್ಕದಲ್ಲಿ ರೈಲಿನ ವೇಗವನ್ನು ಅಳೆದಂತೆ.

ನನ್ನ ಅನುಭವವನ್ನು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ; ಯಾರ ಮೇಲೂ ಮೊಕದ್ದಮೆ ಹೂಡುವುದು ನನ್ನ ಉದ್ದೇಶವಲ್ಲ.

ಅಣ್ಣನಿಗೆ ಅರುವತ್ತೆಂಟು ವರ್ಷ. ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು. ಮಳೆ ಹಿಡಿದ ಮೊದಲ ವಾರದಲ್ಲಿ ಜ್ವರ ಬಂದಿತು. ನಾಲ್ಕನೆಯ ದಿನಕ್ಕೆ ಏದುಸಿರು. ಊರಿನ ವೈದ್ಯರು ತಡಮಾಡದೆ ನಗರಕ್ಕೆ ಕಳುಹಿಸಿದರು. ಶ್ವಾಸಕೋಶದ ಸೋಂಕು ರಕ್ತಕ್ಕೆ ಏರಿದೆ ಎಂದರು. ಅಂದೇ ರಾತ್ರಿ ವೆಂಟಿಲೇಟರ್ ಹಾಕಿದರು. ಅಣ್ಣನ ಮಗ ಹೊರದೇಶದಲ್ಲಿದ್ದಾನೆ. ‘ಚಿಕ್ಕಪ್ಪ, ನೀವು ಹೇಗೆ ಹೇಳಿದರೆ ಹಾಗೆ’ ಎಂದು ದೂರವಾಣಿಯಲ್ಲಿ ಅತ್ತನು. ಅತ್ತಿಗೆ ನನ್ನ ಮುಖ ನೋಡಿದರು. ಹೀಗೆ, ಯಾರೂ ನೇಮಿಸದೆ, ಸಹಿ ಮಾಡುವವನು ನಾನಾದೆ. ಮೊದಲ ಕಾಗದವು ನಾಲ್ಕು ಪುಟದ ಇಂಗ್ಲಿಷು. ಓದಲು ಕುಳಿತಾಗ ಅದನ್ನು ತಂದ ಹುಡುಗನು, ‘ಸರ್, ಎಲ್ಲರೂ ಹಾಕುವುದೇ, ಬೇಗ ಹಾಕಿ’ ಎಂದನು. ಹಾಕಿದೆ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ‘ಒಪ್ಪಿಗೆ’ ಎಂಬ ಶಬ್ದದ ಅರ್ಥ ನನ್ನ ಮಟ್ಟಿಗೆ ಕೆಟ್ಟುಹೋಯಿತು.

ನನ್ನ ನಂಬಿಕೆ ಒಡೆದುದು ಐದನೆಯ ದಿನ; ಅದೂ ಯಾವ ಚಿಕಿತ್ಸೆಯ ತಪ್ಪಿನಿಂದಲೂ ಅಲ್ಲ. ಬೆಳಗಿನ ವೈದ್ಯರು ‘ಸ್ಟೇಬಲ್ ಆಗಿದ್ದಾರೆ’ ಎಂದರು. ಅತ್ತಿಗೆ ಆ ಮಾತನ್ನು ಕಣ್ಣಿಗೊತ್ತಿಕೊಂಡು ಊರಿಗೆ ತಿಳಿಸಿದರು. ಮನೆಯಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರಂತೆ. ಸಂಜೆಯ ಪಾಳಿಯ ವೈದ್ಯರು, ನಿಂತ ಕಾಲಿನಲ್ಲಿಯೇ, ‘ಬಹಳ ಕಷ್ಟ, ಏನೂ ಹೇಳಲಾಗದು’ ಎಂದು ಹೋದರು. ಹಗಲಿನಲ್ಲಿ ಏನು ನಡೆಯಿತು? ಯಾರು ಏನನ್ನು ಮುಚ್ಚಿಡುತ್ತಿದ್ದಾರೆ? ಆ ರಾತ್ರಿಯಿಡೀ ನಾವು ಊಹಿಸದ ಪಾಪವಿಲ್ಲ. ಬಹು ದಿನಗಳ ಮೇಲೆ ನನಗೆ ತಿಳಿದುದೆಂದರೆ, ಇಬ್ಬರೂ ನಿಜವನ್ನೇ ಹೇಳಿದ್ದರು. ಬೆಳಗಿನವರ ‘ಸ್ಟೇಬಲ್’ ಎಂದರೆ ರಕ್ತದ ಒತ್ತಡವು ಮದ್ದಿನ ಬಲದಿಂದ ನಿನ್ನೆಯ ಮಟ್ಟದಲ್ಲಿಯೇ ನಿಂತಿದೆ ಎಂದು ಅರ್ಥ. ಮನೆಯವರ ಕಿವಿಗೆ ಅದು ‘ಬದುಕುತ್ತಾರೆ’ ಎಂದು ಕೇಳಿಸಿತು. ಸಂಜೆಯವರು ಹೇಳಿದುದು ಅಂದಿನ ಒತ್ತಡದ ಮಾತಲ್ಲ, ಮುಂದಿನ ವಾರದ ಮಾತು. ಈ ಭೇದವನ್ನು ತಿಳಿಸಲು ಎರಡು ನಿಮಿಷ ಸಾಕಾಗಿತ್ತು. ಎರಡು ನಿಮಿಷದ ಮಾತಿಲ್ಲದುದರಿಂದ ನಾಲ್ಕು ದಿನ ನಾವು ಆ ಕಟ್ಟಡದ ಪ್ರತಿಯೊಬ್ಬರನ್ನೂ ಸುಳ್ಳರೆಂದು ನೋಡಿದೆವು.

ಏಳನೆಯ ದಿನ ಮೂತ್ರಪಿಂಡ ಸೋತು ಡಯಾಲಿಸಿಸ್ ಬೇಕಾಯಿತು. ಆ ಸುದ್ದಿ ನಮಗೆ ತಿಳಿದುದು ವೈದ್ಯರಿಂದಲ್ಲ, ಲೆಕ್ಕದ ವಿಭಾಗದಿಂದ. ‘ಡಯಾಲಿಸಿಸ್ ಶುರುವಾಗುತ್ತದೆ, ಠೇವಣಿ ಕಟ್ಟಿರಿ’ ಎಂದು ಕರೆ ಬಂದಿತು. ಮಿತ್ರರ ಲೇಖನದಲ್ಲಿ ಹಣ ಎಂಬ ಶಬ್ದವು ಒಂದು ಸಲವಾದರೂ ಬಂದಿದೆಯೇ ಎಂದು ನಾನು ಎರಡು ಬಾರಿ ಓದಿ ನೋಡಿದೆ. ಬಂದಿಲ್ಲ. ಅಡವಿಟ್ಟ ತೋಟದ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಕುಳಿತವನ ಮುಂದೆ ನಂಬಿಕೆಯನ್ನು ಕುರಿತು ಎಂಟು ಪುಟ ಬರೆದು ಹಣದ ಮಾತೆತ್ತದಿರುವುದು ಹೇಗೆ ಸಾಧ್ಯವಾಯಿತೋ! ‘ಇನ್ನೊಂದು ದಿನ ನೋಡೋಣ’ ಎಂಬ ಸಲಹೆಯೂ ಆ ಇನ್ನೊಂದು ದಿನದ ಬಿಲ್ಲೂ ಒಂದೇ ಕಟ್ಟಡದಿಂದ ಹೊರಡುವಾಗ, ಸಲಹೆ ಕೊಡುವವನು ಎಷ್ಟೇ ಸಾಧುವಾಗಿರಲಿ, ಕೇಳುವವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಅದನ್ನು ತೆಗೆಯುವ ಭಾರ ಮುಳ್ಳು ಚುಚ್ಚಿಸಿಕೊಂಡವನದಲ್ಲ.

ಒಂಬತ್ತನೆಯ ರಾತ್ರಿ ಒಬ್ಬ ದಾದಿ ಹೊರಗೆ ಬಂದಳು. ನಮ್ಮ ಮಗಳ ವಯಸ್ಸು. ‘ಮೇಷ್ಟ್ರನ್ನು ಇವತ್ತು ಒರೆಸಿ ಮಗ್ಗುಲು ತಿರುಗಿಸಿದೆ, ಅಮ್ಮ. ಹೆಸರು ಹಿಡಿದು ಕರೆದೆ. ಕಣ್ಣು ಬಿಡಲಿಲ್ಲ. ಬೆನ್ನಿನ ಮೇಲೆ ಹುಣ್ಣಾಗದ ಹಾಗೆ ನೋಡಿಕೊಳ್ಳುತ್ತಿದ್ದೇವೆ’ ಎಂದು ಅತ್ತಿಗೆಗೆ ಹೇಳಿದಳು. ಸಂತೋಷದ ಸುದ್ದಿಯೇನೂ ಅಲ್ಲ. ಆದರೆ ಅತ್ತಿಗೆ ಆ ರಾತ್ರಿ ಮೊದಲ ಬಾರಿಗೆ ನಿದ್ದೆ ಮಾಡಿದರು. ಒಳಗೆ ಮಲಗಿರುವವನು ‘ನಾಲ್ಕನೆಯ ಬೆಡ್ಡು’ ಅಲ್ಲ, ಮೇಷ್ಟ್ರು, ಎಂದು ಬಲ್ಲವರು ಒಬ್ಬರಾದರೂ ಇದ್ದಾರೆಂದು ಅವರಿಗೆ ತಿಳಿಯಿತು.

ಹನ್ನೊಂದನೆಯ ದಿನ ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಕೆ ಇಡುವ ಪ್ರಸ್ತಾಪ ಬಂದಿತು. ಅಂದು ಹಿರಿಯ ವೈದ್ಯರೊಬ್ಬರು ನಮ್ಮನ್ನು ಕೊಠಡಿಗೆ ಕರೆದು, ತಾವೂ ಕುರ್ಚಿಯ ಮೇಲೆ ಕುಳಿತರು. ಹನ್ನೊಂದು ದಿನಗಳಲ್ಲಿ ನಮ್ಮೆದುರು ಕುಳಿತ ಮೊದಲ ವೈದ್ಯರು ಅವರು. ಕಾಗದವನ್ನು ಮುಂದಿಡಲಿಲ್ಲ. ‘ನಿಮ್ಮ ಅಣ್ಣ ಎಂಥವರು? ದಿನ ಹೇಗೆ ಕಳೆಯುತ್ತಿದ್ದರು?’ ಎಂದು ಕೇಳಿದರು. ಅತ್ತಿಗೆ ಹೇಳಿದರು: ಬೆಳಿಗ್ಗೆ ತೋಟ, ಮಧ್ಯಾಹ್ನ ಓದು, ಸಂಜೆ ಹುಡುಗರಿಗೆ ಪಾಠ, ಯಾರಿಂದಲೂ ಒಂದು ಲೋಟ ನೀರನ್ನೂ ತರಿಸಿಕೊಂಡವರಲ್ಲ. ಆಮೇಲೆ ಅವರು, ‘ಬದುಕುತ್ತಾರೋ ಇಲ್ಲವೋ ನನಗೆ ತಿಳಿಯದು. ಬದುಕಿದರೂ ತೋಟಕ್ಕೆ ಹೋಗುವ ಹಾಗೆ ಬದುಕುವುದು ಬಹಳ ಕಷ್ಟವೆಂದು ನನ್ನ ಎಣಿಕೆ. ಐದು ದಿನ ನೋಡೋಣ. ರಕ್ತದೊತ್ತಡದ ಮದ್ದು ಇಳಿಯುತ್ತದೆಯೇ, ಮೂತ್ರ ಬರುತ್ತದೆಯೇ, ನಿದ್ದೆಯ ಮದ್ದು ನಿಲ್ಲಿಸಿದಾಗ ಎಚ್ಚರಗೊಳ್ಳುತ್ತಾರೆಯೇ, ಇವಿಷ್ಟನ್ನು ನೋಡುತ್ತೇವೆ. ಆಗದಿದ್ದರೆ ಮತ್ತೆ ಇಲ್ಲಿಯೇ ಕುಳಿತು ಮಾತನಾಡೋಣ’ ಎಂದರು. ಇಪ್ಪತ್ತೈದು ನಿಮಿಷವಾಗಿತ್ತು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾತನಾಡಿದವರು ನಾವು. ಅಂದು ಮಾಡಿದ ಸಹಿಯನ್ನು ನಾನು ತಿಳಿದು ಮಾಡಿದೆ. ಹದಿನಾರನೆಯ ದಿನ ಅಣ್ಣ ತೀರಿಕೊಂಡನು. ಆ ವೈದ್ಯರು ನಮಗೆ ಒಂದೇ ಒಂದು ಶುಭವಾರ್ತೆಯನ್ನೂ ಹೇಳಿರಲಿಲ್ಲ. ಅವರನ್ನು ನಾನು ಇಂದಿಗೂ ನಂಬುತ್ತೇನೆ.

ಒಬ್ಬನ ಅನುಭವದಿಂದ ಲೋಕವನ್ನು ಅಳೆಯಬಾರದೆಂದು ಮಿತ್ರರು ಆಕ್ಷೇಪಿಸಬಹುದು. ಅವರ ಶಾಸ್ತ್ರದವರೇ ಮಾಡಿದ ಪರಿಶೀಲನೆಗಳನ್ನು ಅವರ ಮುಂದಿಡುತ್ತೇನೆ. ಫ್ರಾನ್ಸ್ ದೇಶದಲ್ಲಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೈದ್ಯರೊಡನೆ ಮಾತನಾಡಿ ಹೊರಬಂದ ಬಂಧುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗವೇನು, ಚಿಕಿತ್ಸೆಯೇನು, ಮುಂದಿನ ಗತಿಯೇನು ಎಂಬುದು ಸರಿಯಾಗಿ ತಿಳಿದಿರಲಿಲ್ಲ. ಮಾತುಕತೆ ಹತ್ತು ನಿಮಿಷಕ್ಕಿಂತ ಕಡಿಮೆಯಾದುದು ಅದರೊಡನೆ ಕೂಡಿಬಂದ ಸಂಗತಿಗಳಲ್ಲಿ ಒಂದು. ಅದೇ ದೇಶದ 22 ಘಟಕಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಇನ್ನೂ ಗಮನಾರ್ಹವಾದುದು. ಸಾವು ಹತ್ತಿರವಾದ 126 ರೋಗಿಗಳ ಮನೆಯವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರೊಡನೆ ಎಂದಿನಂತೆಯೂ, ಇನ್ನೊಂದು ಗುಂಪಿನವರೊಡನೆ ಕ್ರಮವಾಗಿ ಕುಳಿತು, ಅವರ ಮಾತಿಗೆ ಎಡೆಕೊಟ್ಟೂ ಸಂಭಾಷಿಸಿದರು. ಜೊತೆಗೆ ಒಂದು ಕಿರುಹೊತ್ತಗೆಯನ್ನು ಕೊಟ್ಟರು. ಎಂದಿನ ಸಂಭಾಷಣೆ 20 ನಿಮಿಷ, ಅದರಲ್ಲಿ ಮನೆಯವರ ಮಾತು 5. ಹೊಸದು 30 ನಿಮಿಷ, ಮನೆಯವರ ಮಾತು 14. ತೊಂಬತ್ತು ದಿನಗಳ ಮೇಲೆ ವಿಚಾರಿಸಲು, ಆಘಾತದ ಮನೋವ್ಯಾಧಿಯ ಲಕ್ಷಣಗಳು ಮೊದಲ ಗುಂಪಿನಲ್ಲಿ ನೂರಕ್ಕೆ 69 ಮಂದಿಯಲ್ಲಿಯೂ ಎರಡನೆಯದರಲ್ಲಿ 45 ಮಂದಿಯಲ್ಲಿಯೂ ಕಂಡುವು. ಹತ್ತು ನಿಮಿಷ ಹೆಚ್ಚು ಕುಳಿತು, ಒಂಬತ್ತು ನಿಮಿಷ ಹೆಚ್ಚು ಕೇಳಿಸಿಕೊಂಡುದರ ಫಲವಿದು. ಇಷ್ಟು ಅಗ್ಗದ ಮದ್ದು ಆಸ್ಪತ್ರೆಯಲ್ಲಿ ಇನ್ನೊಂದಿದ್ದರೆ ಮಿತ್ರರು ತೋರಿಸಲಿ.

‘ನಾವು ಹೇಳಿದ ಗತಿಯನ್ನು ಮನೆಯವರು ನಂಬುವುದಿಲ್ಲ’ ಎಂಬ ಅವರ ದೂರು ಸುಳ್ಳಲ್ಲ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ನೂರಕ್ಕೆ 88 ಮಂದಿ ಬಂಧುಗಳು ವೈದ್ಯರ ಭವಿಷ್ಯದ ಮಾತಿನಲ್ಲಿ ಸಂದೇಹವನ್ನು ಸೂಚಿಸಿದರು. ಆದರೆ ಅದೇ ದೇಶದಲ್ಲಿ ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ, ನಿಶ್ಚಯವಿಲ್ಲದಿದ್ದರೂ ಚಿಂತೆಯಿಲ್ಲ, ತಿಳಿದಷ್ಟನ್ನು ಹೇಳಿರಿ ಎಂದವರು ನೂರಕ್ಕೆ 87. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಸ್ಪಷ್ಟವಾಗಿದೆ: ಜನ ಸರ್ವಜ್ಞನನ್ನು ಬೇಡುತ್ತಿಲ್ಲ, ತನಗೆ ಎಷ್ಟು ತಿಳಿದಿದೆಯೆಂದು ಬಲ್ಲವನನ್ನು ಬೇಡುತ್ತಿದ್ದಾರೆ. ಮತ್ತೊಂದು ಸಂಗತಿ. 2011ರ ಅಧ್ಯಯನವೊಂದರಲ್ಲಿ, ವೈದ್ಯರಲ್ಲಿ ನಂಬಿಕೆ ಕಡಿಮೆಯಿದ್ದ ಬಂಧುಗಳೇ ಕೊನೆಯ ತೀರ್ಮಾನವನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಲು ಹೆಚ್ಚಾಗಿ ಬಯಸಿದರು. ಮಿತ್ರರು ‘ಕೈಕಟ್ಟುವುದು’ ಎಂದು ಕರೆದಿರುವುದು ಇದನ್ನೇ. ಅದು ರೋಗವಲ್ಲ, ರೋಗಲಕ್ಷಣ. ಲಕ್ಷಣವನ್ನು ಬೈದು ರೋಗವನ್ನು ಗುಣಪಡಿಸಿದ ವೈದ್ಯನನ್ನು ನಾನು ಕಂಡಿಲ್ಲ.

ನಾವು ಕೇಳುತ್ತಿರುವುದು ಹೊಸದೂ ಅಲ್ಲ, ದಾನವೂ ಅಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳಲ್ಲಿ, ವೈದ್ಯನು ರೋಗಿಯ ಸ್ಥಿತಿಯನ್ನು ಇರುವುದಕ್ಕಿಂತ ಘೋರವೆಂದೂ ಹೇಳಬಾರದು, ಹಗುರವೆಂದೂ ಹೇಳಬಾರದು, ಬಂಧುಗಳಿಗೆ ಹಿತಕ್ಕೆ ಬೇಕಾದಷ್ಟು ತಿಳಿವಳಿಕೆಯಿದೆಯೆಂದು ಖಚಿತಪಡಿಸಿಕೊಳ್ಳಬೇಕು ಎಂಬ ವಿಧಿಯಿದೆ. ರೋಗಿಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗಾಗಿ ಕೊಡಬೇಕೆಂಬುದೂ ಅಲ್ಲಿಯೇ ಇದೆ. ರೋಗಿಯಾಗಲಿ ಮನೆಯವರಾಗಲಿ ಬೇಡವೆಂದರೆ ಐ.ಸಿ.ಯು.ಗೆ ಸೇರಿಸಕೂಡದೆಂದು ಕೇಂದ್ರದ ಆರೋಗ್ಯ ಇಲಾಖೆಯ ಮಾರ್ಗಸೂಚಿಯು 2024ರ ಆರಂಭದಲ್ಲಿ ಹೊರಬಿದ್ದಿತು. ಇವನ್ನು ಓದಿದ ಬಂಧುವು ಒಂದು ಪ್ರಶ್ನೆ ಕೇಳಿದರೆ ಅದು ಅವಿಶ್ವಾಸವೇ?

ಕಾಗದಗಳಲ್ಲೆಲ್ಲ ಕ್ರೂರವಾದುದೊಂದನ್ನು ಇಲ್ಲಿ ಹೇಳಬೇಕು. ನಾವು ಕುಳಿತಿದ್ದ ಸಾಲಿನಲ್ಲಿಯೇ ಇನ್ನೊಂದು ಕುಟುಂಬವಿತ್ತು. ಹಣ ಮುಗಿದಿತ್ತು, ಆಸೆಯೂ ಮುಗಿದಿತ್ತು. ಮುದುಕಿಯನ್ನು ಮನೆಗೆ ಕರೆದೊಯ್ದರು. ಒಳಗಿನ ವೈದ್ಯರೂ ಇನ್ನು ಫಲವಿಲ್ಲವೆಂದೇ ಮೆಲ್ಲನೆ ಹೇಳಿದ್ದರಂತೆ. ಆದರೆ ಮಗನು ಸಹಿ ಮಾಡಿದ ಕಾಗದದಲ್ಲಿದ್ದುದು: ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇನೆ. ಸಲಹೆಯನ್ನು ಬಾಯಲ್ಲಿ ಒಂದು ಬಗೆಯಾಗಿಯೂ ಕಾಗದದಲ್ಲಿ ಇನ್ನೊಂದು ಬಗೆಯಾಗಿಯೂ ಕೊಡುವವರು ನಂಬಿಕೆಯ ಮಾತನಾಡಬಾರದು. ಹೀಗೆ ಮಾಡದೆ ಗತಿಯಿಲ್ಲವೆಂಬ ನೆಪವೂ ಈಗ ಇಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ವಿಧಿಪೂರ್ವಕವಾಗಿ ನಿಲ್ಲಿಸುವ ದಾರಿಯನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿಯಲ್ಲಿ ತೋರಿಸಿ, 2023ರ ಜನವರಿಯಲ್ಲಿ ಸರಳಗೊಳಿಸಿದೆ: ಆಸ್ಪತ್ರೆಯ ಒಂದು ವೈದ್ಯಮಂಡಲಿ, ಅದನ್ನು ಪರಿಶೀಲಿಸುವ ಎರಡನೆಯದೊಂದು, ಮನೆಯವರ ಒಪ್ಪಿಗೆ. ಅದನ್ನು ಆಚರಣೆಗೆ ತರಲು ಕರ್ನಾಟಕ ಸರಕಾರವು 2025ರ ಜನವರಿ 30ರಂದು ಸುತ್ತೋಲೆಯನ್ನೂ ಹೊರಡಿಸಿತು. ದಾರಿ ಇದ್ದೂ ಬೇಲಿ ಹಾರಿಸಿ, ಹಾರಿದವನೇ ಕಳ್ಳನೆಂದು ಬರೆಯಿಸಿಕೊಳ್ಳುವುದು ಯಾವ ನೀತಿ?

ಸಿಬ್ಬಂದಿಯನ್ನು ನಂಬಬಾರದೆಂದು ನಾನು ಹೇಳುತ್ತಿಲ್ಲ. ಸಿಬ್ಬಂದಿಯ ಮಾತು ಬಂಧುವಿನ ಮಾತಿನಷ್ಟೇ ತೂಗಿದ ಒಂದು ಪ್ರಸಂಗವುಂಟು. ಅದು ನಮ್ಮ ನಾಡಿಗೆ ಸೇರಿದುದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ ಅಲ್ಲಿಯೇ ದುಷ್ಟನೊಬ್ಬನ ಹಲ್ಲೆಗೀಡಾಗಿ, ಮತ್ತೆಂದೂ ಪ್ರಜ್ಞೆ ತಿಳಿಯದೆ, 2015ರ ಮೇ 18ರವರೆಗೆ ಹಾಸಿಗೆಯಲ್ಲಿದ್ದರು. ಅವರ ಆಹಾರವನ್ನು ನಿಲ್ಲಿಸಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅವರ ಪರವಾಗಿ ಮಾತನಾಡತಕ್ಕವರು ಯಾರು ಎಂಬ ಪ್ರಶ್ನೆ ಎದ್ದಿತು. ಅವರ ವಿಷಯವಾಗಿ ಪುಸ್ತಕ ಬರೆದು ಅರ್ಜಿ ಹಾಕಿದ ಲೇಖಕಿಯಲ್ಲ, ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಎಂದು 2011ರ ಮಾರ್ಚಿ 7ರಂದು ನ್ಯಾಯಾಲಯವು ಹೇಳಿತು. ಆ ತೀರ್ಪಿನ ಫಲವನ್ನು ಕುರಿತು ಭಿನ್ನಾಭಿಪ್ರಾಯ ಇರಬಹುದು, ನನಗೂ ಇದೆ. ಆದರೆ ಆ ಅಧಿಕಾರ ಅವರಿಗೆ ಬಂದುದು ಎಲ್ಲಿಂದ? ಪದವಿಪತ್ರದಿಂದಲ್ಲ, ಉಣಿಸಿ, ಒರೆಸಿ, ಮಗ್ಗುಲು ತಿರುಗಿಸಿದ ಮೂವತ್ತೇಳು ವರ್ಷಗಳಿಂದ. ಬೇಡಿಕೆಯ ಲೇಖನವನ್ನು ಅವರು ಯಾವ ಮಾಸಪತ್ರಿಕೆಯಲ್ಲಿಯೂ ಬರೆಯಬೇಕಾಗಲಿಲ್ಲ.

ನಮ್ಮ ಕಡೆಯ ತಪ್ಪುಗಳನ್ನು ನಾನು ಮುಚ್ಚುವುದಿಲ್ಲ. ಒಂದು ಮನೆಯಿಂದ ನಾಲ್ವರು ಮುಖಂಡರು ನಾಲ್ಕು ಪ್ರಶ್ನೆಗಳನ್ನು ತರುತ್ತೇವೆ. ಹಣ ಕಟ್ಟಿದವನು ತೀರ್ಮಾನದ ಯಜಮಾನನಾಗುತ್ತಾನೆ. ಹತ್ತು ದಿನ ಜೊತೆಗಿದ್ದ ಹೆಂಡತಿ ಮೂಲೆಯಲ್ಲಿ ಕುಳಿತಿರುತ್ತಾಳೆ. ರೋಗಿಗೆ ಬಾಯಿಯಿದ್ದಾಗ ಒಂದು ಮಾತು ಕೇಳಿರುವುದಿಲ್ಲ. ಅಣ್ಣನು ಒಮ್ಮೆ, ನೆರೆಮನೆಯವರೊಬ್ಬರು ನಳಿಕೆಗಳ ನಡುವೆ ತೀರಿಕೊಂಡ ಮರುದಿನ, ಜಗಲಿಯ ಮೇಲೆ ಕುಳಿತು, ‘ನನಗೆ ಹಾಗಾದರೆ...’ ಎಂದು ಮಾತು ತೆಗೆದಿದ್ದನು. ‘ಅಪಶಕುನ ನುಡಿಯಬೇಡ’ ಎಂದು ಬಾಯಿ ಮುಚ್ಚಿಸಿದವನು ನಾನೇ. ಆ ವಾಕ್ಯದ ಉಳಿದ ಅರ್ಧವನ್ನು ಹದಿನಾರು ದಿನವೂ ನಾನು ಊಹಿಸುತ್ತಿದ್ದೆ. 2023ರ ಬದಲಾವಣೆಯ ಮೇಲೆ ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಇಬ್ಬರು ಸಾಕ್ಷಿಗಳೂ ಒಬ್ಬ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ಇದ್ದರೆ ಸಾಕು. ನನ್ನದನ್ನು ಕಳೆದ ದೀಪಾವಳಿಯ ಹೊತ್ತಿಗೆ ಬರೆದಿಟ್ಟೆ. ನನ್ನ ಪರವಾಗಿ ಹೇಳತಕ್ಕವಳು ನನ್ನ ಹೆಂಡತಿ, ಅವಳಿಲ್ಲದಿದ್ದರೆ ಹಿರಿಯ ಮಗಳು. ಮಕ್ಕಳು ಎರಡು ದಿನ ಮುನಿಸಿಕೊಂಡಿದ್ದರು.

ಮಿತ್ರರು ನಗರದ ಆಸ್ಪತ್ರೆಯೊಂದರ ಆಡಳಿತ ಸಮಿತಿಯಲ್ಲಿದ್ದಾರೆಂದು ಬಲ್ಲೆ. ಅಲ್ಲಿ ಬಂಧುಗಳೊಡನೆ ಮಾತನಾಡಲು ಒಂದು ಕೊಠಡಿಯನ್ನೂ ದಿನಕ್ಕೊಂದು ನಿಗದಿಯಾದ ವೇಳೆಯನ್ನೂ ಏರ್ಪಡಿಸಲಿ; ಒಪ್ಪಿಗೆಯ ಕಾಗದವನ್ನು ಕನ್ನಡದಲ್ಲಿ ಅಚ್ಚುಮಾಡಿಸಲಿ; ಡಯಾಲಿಸಿಸಿನ ಸುದ್ದಿಯನ್ನು ವೈದ್ಯನೇ ಮೊದಲು ಹೇಳಲಿ, ಲೆಕ್ಕದವನು ಆಮೇಲೆ. ಅವರ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಓದಲು ಕಾದಿರುತ್ತೇನೆ. ಬರೆಯುವ ಮುನ್ನ ಅವರು ಬಯಸಿದರೆ ಅಣ್ಣನ ಕಡತದ ಪ್ರತಿ ನನ್ನಲ್ಲಿದೆ. ಕೇಳಿದ ಎರಡನೆಯ ದಿನವೇ ಕೊಟ್ಟರು. ನಾನೂರಕ್ಕೆ ಮೇಲ್ಪಟ್ಟು ಪುಟಗಳು. ಐದನೆಯ ದಿನದ ಪುಟದಲ್ಲಿ, ನಿಂತ ಕಾಲಿನ ಆ ಮಾತಿನ ಎದುರಿಗೆ, ‘ಬಂಧುಗಳಿಗೆ ತಿಳಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿದೆ. ಹನ್ನೊಂದನೆಯ ದಿನದ ಇಪ್ಪತ್ತೈದು ನಿಮಿಷದ ಎದುರಿಗೂ ಅದೇ ಸಾಲು ಇದೆ.